ಕಲ್ಲಿನ ಮೇಲೆ ಮಲಗಿದವನ ಎಲೆ

ಒಂದೆಲೆಯಕ್ಕನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಗೋಡೆ ಇರಲಿಲ್ಲ. ಒಂದೇ ಮಳಿಗೆಯನ್ನು ಪರದೆ ಕಟ್ಟಿ ಎರಡು ಮಾಡಿಕೊಂಡಿದ್ದೆವು. ಈಚೆ ಕಡೆ ನಾನು ಜಿಪ್ ಬದಲಾಯಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು ಇಂಥ ಕೆಲಸ ಮಾಡುತ್ತಿದ್ದೆ. ಆಚೆ ಕಡೆ ಅವಳು ಬಂದವರಿಂದ ಎಲೆ ತೆಗೆಸುತ್ತಿದ್ದಳು. ಎಲೆ ಎಂದರೆ ಇಸ್ಪೀಟಿನ ಎಲೆಯ ಥರದ್ದೇ. ಆದರೆ ಅದಕ್ಕಿಂತ ದೊಡ್ಡದು, ಪ್ರತಿಯೊಂದರ ಮೇಲೂ ಒಂದೊಂದು ಚಿತ್ರ. ಭವಿಷ್ಯ ನೋಡುವ ಆ ಎಲೆಗೆ ಟ್ಯಾರೋ ಅಂತ ಹೆಸರು. ಬಂದವರು ಟ್ಯಾರೋ ಎಂದರೆ ಅವಳೂ ಟ್ಯಾರೋ ಎನ್ನುವಳು. ನಮ್ಮ ನಮ್ಮಲ್ಲಿ ಅದು ಎಲೆ ಅಷ್ಟೆ. ಬೇರೆಯವರು ಮೇಜಿನ ತುಂಬ ಎಲೆ ಹರಡಿ ಹಿಂದಿನದು, ಮುಂದಿನದು ಅಂತೆಲ್ಲ ಹೇಳುತ್ತಾರಂತೆ. ಇವಳು ಒಬ್ಬರಿಗೆ ಒಂದೇ ಎಲೆ ಕೊಡುತ್ತಿದ್ದಳು. ಎರಡನೆಯದಕ್ಕೆ ಕೈ ಚಾಚಿದವರ ಬೆರಳಿನ ಮೇಲೆ ಮೆಲ್ಲಗೆ ಹೊಡೆಯುತ್ತಿದ್ದಳು. ಆ ಹೆಸರು ಬಂದದ್ದು ಹಾಗೆ.

ನಮ್ಮದು ರೈಲು ಸೇತುವೆಯ ಕೆಳಗಿನ ಕಮಾನುಗಳಲ್ಲಿ ಸಾಲಾಗಿ ಇದ್ದ ಅಂಗಡಿಗಳು. ಮೇಲೆ ರೈಲು ಹೋದಾಗ ಯಾರ ಮಾತೂ ಯಾರಿಗೂ ಕೇಳದು. ಮಾತಾಡುತ್ತಿದ್ದವರು ಬಾಯಿ ಹಾಗೇ ತೆರೆದಿಟ್ಟುಕೊಂಡು ಕಾಯಬೇಕು, ರೈಲು ಹೋದಮೇಲೆ ವಾಕ್ಯದ ಉಳಿದರ್ಧ ಹೇಳಬೇಕು. ಜಗಳ ಆಡುವವರಿಗೆ ಇದು ಬಹಳ ಕಷ್ಟ. ರೈಲು ದಾಟುವಷ್ಟರಲ್ಲಿ ಸಿಟ್ಟು ಅರ್ಧ ಇಳಿದು ಹೋಗಿರುತ್ತಿತ್ತು.

ಅವಳು ಈ ವಿದ್ಯೆ ಕಲಿತದ್ದು ಯಾವ ಗುರುವಿನಿಂದಲೂ ಅಲ್ಲ. ಗಂಡ ಬಿಟ್ಟುಹೋದಮೇಲೆ ಬಹಳ ವರ್ಷ ಅವಳು ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುತ್ತಿದ್ದಳು. ಯಾರೋ ಒಬ್ಬ ಗಿರಾಕಿ ದಿಂಬಿನ ಕೆಳಗೆ ಎಲೆಗಳ ಕಟ್ಟು ಮರೆತುಹೋದ. ವಾರಸುದಾರರು ಬರಬಹುದೆಂದು ಮ್ಯಾನೇಜರು ಕಪಾಟಿನಲ್ಲಿಟ್ಟ. ಯಾರೂ ಬರಲಿಲ್ಲ. ಕೊನೆಗೆ, "ತಗೊಂಡು ಹೋಗು, ಮನೇಲಿ ಇಸ್ಪೀಟಾಡು" ಅಂತ ಇವಳ ಕೈಗೇ ಕೊಟ್ಟ. ಅದರ ಜೊತೆ ಸಣ್ಣ ಪುಸ್ತಕವೊಂದಿತ್ತು, ಇವಳಿಗೆ ಓದಲು ಬಾರದ ಭಾಷೆಯದ್ದು. ಹಾಗಾಗಿ ಅವಳು ಚಿತ್ರ ನೋಡಿ ನೋಡಿಯೇ ಅರ್ಥ ಮಾಡಿಕೊಂಡಳು. ಹಾಸಿಗೆ ಹಾಸಿದಮೇಲೆ ಅದೇ ಹಾಸಿಗೆಯ ತುದಿಯಲ್ಲಿ ಕೂತು, ಈ ಹೆಂಗಸು ಯಾಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ, ಈ ಮುದುಕ ಹಿಮದಲ್ಲಿ ದೀಪ ಹಿಡಿದು ಯಾರನ್ನು ಹುಡುಕುತ್ತಿದ್ದಾನೆ ಅಂತ ಯೋಚಿಸುತ್ತಿದ್ದಳಂತೆ. "ಲಾಡ್ಜಿನ ಕೋಣೆಗೆ ಬಂದು ಹೋದೋರ ಕಥೆ ಹಾಸಿಗೆ ನೋಡಿದ್ರೆ ಗೊತ್ತಾಗುತ್ತೆ. ಇದೂ ಹಾಗೇ," ಎನ್ನುತ್ತಿದ್ದಳು. ಸೊಂಟ ಹಿಡಿದುಕೊಂಡು ಆ ಕೆಲಸ ಬಿಟ್ಟಮೇಲೆ ನನ್ನ ಮಳಿಗೆಯ ಅರ್ಧಕ್ಕೆ ಬಂದು ಕೂತಳು.

ಅವಳಿಗೊಂದು ಕಟ್ಟುನಿಟ್ಟಿತ್ತು. ಎಲೆ ಯಾರು ತೆಗೆದರೋ ಅದು ಅವರದ್ದು. ಕೇಳಿದ್ದು ಮಗನ ಬಗ್ಗೆಯಾಗಲಿ, ಮೇಲಧಿಕಾರಿಯ ಬಗ್ಗೆಯಾಗಲಿ, ಚಿತ್ರದಲ್ಲಿರುವುದು ಮಾತ್ರ ಎಲೆ ತೆಗೆದವರು. ಒಮ್ಮೆ ಒಬ್ಬ ಅತ್ತೆ ಬಂದು ಸೊಸೆಯ ಸೋಮಾರಿತನದ ಬಗ್ಗೆ ಕೇಳಿದಳು. ಬಂದ ಎಲೆಯಲ್ಲಿ ಒಬ್ಬ ದೊಣ್ಣೆಗಳ ದೊಡ್ಡ ಹೊರೆ ತಬ್ಬಿಕೊಂಡು ಬಗ್ಗಿ ನಡೆಯುತ್ತಿದ್ದ.

"ಹೊರೆ ಹೊತ್ತಿರೋದು ನೀವು. ಇಳಿಸಬೇಡಿ ಅಂತ ಯಾರೂ ತಡೀತಿಲ್ಲ," ಎಂದಳು ಇವಳು.

"ನಾನು ಕೇಳಿದ್ದು ಸೊಸೆ ವಿಷಯ ಅಲ್ವಾ?"

"ಸೊಸೆ ಬಂದು ಎಲೆ ತೆಗೀಲಿ, ಅವಳಿಗೆ ಹೇಳ್ತೀನಿ."

"ಅವಳು ಇಷ್ಟು ದೂರ ನಡೆಯೋಳಾಗಿದ್ರೆ ನಾನ್ಯಾಕೆ ಬರ್ತಿದ್ದೆ?"

ಪರದೆ ಈಚೆ ನನಗೆ ನಗು ಬಂದು ಬಾಯಲ್ಲಿದ್ದ ದಾರ ನುಂಗುವಂತಾಯಿತು. ಆ ಹೆಂಗಸು ಮುಖ ಊದಿಸಿಕೊಂಡು ಹೋದಳು. ಆದರೂ ಮರಳಿ ಬರುತ್ತಿದ್ದಳು. ಹಾಗೆ ಬೈಸಿಕೊಂಡು ಮರಳಿ ಬರುವವರೇ ಜಾಸ್ತಿ.

ನಮ್ಮ ಎದುರಿನ ಕಮಾನಿನಲ್ಲಿ ಕಟಿಂಗ್ ಮಾಮನ ಅಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ತಾನು ಮಾತ್ರ ಬೋಳುತಲೆ. ಸಾಲಿನವರೆಲ್ಲ ಅವನನ್ನು ಮಾಮ ಎನ್ನುತ್ತಿದ್ದರು, ಅವನಿಗಿಂತ ದೊಡ್ಡವರಾದ ನಾವಿಬ್ಬರೂ ಸೇರಿ. ಗಿರಾಕಿ ಇಲ್ಲದಾಗಲೂ ಅವನ ಬಲಗೈ ಸುಮ್ಮನಿರದು. ಬೆರಳಲ್ಲಿ ಕತ್ತರಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು ಗಾಳಿಯನ್ನೇ ಕತ್ತರಿಸುತ್ತಿದ್ದ. ನನ್ನ ಮಿಷನ್ನಿನ ಸದ್ದಿಗೆ ಅವನ ಕತ್ತರಿಯ ಸದ್ದು ಜೊತೆ.

"ಅಕ್ಕಾ, ನನ್ನ ತಲೆ ಮೇಲೆ ಕೂದಲು ಬರೋ ಯೋಗ ಇದೆಯಾ ನೋಡಿ," ಅಂತ ಅಲ್ಲಿಂದಲೇ ಕೇಳುವನು.

"ಬಂದು ಎಲೆ ತೆಗಿ, ಹೇಳ್ತೀನಿ."

"ಬೇಡಪ್ಪ. ದಿನವಿಡೀ ಜನರ ತಲೆ ನನ್ನ ಕೈಯಲ್ಲಿರುತ್ತೆ. ಒಳಗೆ ಏನಿದೆ ಅಂತ ಒಂದು ದಿನಾನೂ ಕೇಳಿದೋನಲ್ಲ ನಾನು."

"ಭಯ ಅನ್ನು."

"ಭಯಾನೇ. ಅದಕ್ಕೇ ಇನ್ನೊಬ್ಬರ ತಲೆ ನೋಡ್ಕೊಂಡು ಬದುಕ್ತಾ ಇದೀನಿ."

ಅವನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತಂದು ಕೊಟ್ಟು, ನೆಲದ ಕೂದಲು ಗುಡಿಸಿ, ಬಟ್ಟೆ ಒಗೆಯಲು ತೆಗೆದುಕೊಂಡು ಹೋಗುತ್ತಿದ್ದಳು. ಮಕ್ಕಳಿಲ್ಲ. ಮಾತು ಕಡಿಮೆ. ಗಂಡ ಆಡುವುದೇ ಇಬ್ಬರಿಗೂ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬನ ತಲೆ ಅರ್ಧ ಕತ್ತರಿಸಿದ್ದಾಗ ಮಾಮನ ಕೈಯಿಂದ ಕತ್ತರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಕುಸಿದ. ಪಕ್ಕದ ಕಮಾನಿನ ಬೀಗ ರಿಪೇರಿಯವನು ಓಡಿದ, ನಾವು ಓಡಿದೆವು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು, ಬಲಗಡೆ ಮೈಯಲ್ಲಿ ಕಸುವಿರಲಿಲ್ಲ. ಕುರ್ಚಿಯಲ್ಲಿದ್ದ ಗಿರಾಕಿ ಪಾಪದವನು. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚುವುದನ್ನೂ ಮರೆತು, ಅರ್ಧ ತಲೆಯಲ್ಲೇ ಆಂಬುಲೆನ್ಸ್ ಹತ್ತಿ ಆಸ್ಪತ್ರೆಗೆ ಬಂದ. ಅಲ್ಲಿ ಯಾವುದೋ ನರ್ಸು ರೋಗಿ ಇವನೇ ಅಂತ ತಿಳಿದು ಇವನನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿದಳಂತೆ. ಮಾಮನಿಗೆ ಪ್ರಜ್ಞೆ ಇದ್ದಿದ್ದರೆ ಅದನ್ನೇ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ.

ಜೀವ ಉಳಿಯಿತು. ಮಾತು ಹೋಯಿತು, ಬಲಗೈ ಬಲಗಾಲು ಹೋದವು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರಿದ್ದರು. ಒಂದು ದಿನ ಅವರು ಅವನ ಬಲಗೈಯಲ್ಲಿ ಬಾಚಣಿಗೆ ಇಟ್ಟರು. ಹೆಬ್ಬೆರಳು ಅಲ್ಲಾಡಿತು. ತೋರುಬೆರಳೂ ಅದರ ಜೊತೆ ಒಂದಿಷ್ಟು ಎದ್ದಿತು, ಕತ್ತರಿ ಬಿಚ್ಚುವ ಹಾಗೆ. ಹೆಂಡತಿ ಅಲ್ಲೇ ಅತ್ತಳು. ಮೇಡಂ ಅವಳಿಗೆ ಬಿಡಿಸಿ ಹೇಳಿದರು. ಈ ಕೆಲವು ತಿಂಗಳೇ ಕೈಗೆ ಜೀವ ಮರಳುವ ಕಾಲ. ದಿನಾ ಒಂದೊಂದೇ ಬೆರಳು ಬಿಡಿಸಬೇಕು, ಅಂಗೈಯಲ್ಲಿ ಸುತ್ತಿದ ಟವೆಲ್ ಇಡಬೇಕು, ತೋಳನ್ನು ಮೈಗೆ ಅಂಟಲು ಬಿಡಬಾರದು, ಎತ್ತಿ ಕೂರಿಸಬೇಕು, ವಾರಕ್ಕೊಮ್ಮೆ ಇಲ್ಲಿಗೆ ಕರೆತರಬೇಕು. ನೋವಾದರೂ ಬಿಡಬಾರದು. ಬಿಟ್ಟರೆ ಕೈ ಮಡಿಸಿದ ಹಾಗೇ ಕಟ್ಟಿಕೊಂಡುಬಿಡುತ್ತದೆ.

ಮನೆಗೆ ಕರೆತಂದ ಕೆಲ ದಿನಗಳ ನಂತರ ಅವಳು ನಮ್ಮಲ್ಲಿಗೆ ಬಂದಳು. ಕಣ್ಣು ಗುಳಿಬಿದ್ದು, ರವಿಕೆ ಭುಜದಿಂದ ಜಾರುವಷ್ಟು ಇಳಿದುಹೋಗಿದ್ದಳು. ರವಿಕೆಗೊಂದು ಹೊಲಿಗೆ ಹಾಕಿಕೊಡೋಣ ಅಂತ ನಾನು ಕರೆದೆ. ಅವಳು ನೇರ ಪರದೆ ಆಚೆ ಹೋಗಿ ಕೂತಳು.

"ಅಕ್ಕಾ, ಎಲೆ ಹಾಕಿ."

"ಮೊದಲು ಟೀ ಕುಡಿ."

"ಟೀ ಬೇಡ. ಅವರ ಕೈ ಬರುತ್ತಾ ಇಲ್ವಾ, ಅಷ್ಟು ಹೇಳಿ."

"ನಾನು ಡಾಕ್ಟರಲ್ಲ ತಂಗಿ."

"ಡಾಕ್ಟರು ಹೇಳೋದು ಕೇಳಿ ಕೇಳಿ ಸಾಕಾಯ್ತು. ಬರಬಹುದು ಅಂತಾರೆ, ಬರದೇನೂ ಇರಬಹುದು ಅಂತಾರೆ. ಬೆರಳು ಬಿಡಿಸು ಅಂತಾರೆ. ಬಿಡಿಸಿದ್ರೆ ಅವರ ಕಣ್ಣಲ್ಲಿ ನೀರು ಬರುತ್ತೆ. ಕೂಗೋಕೆ ಬಾಯಿ ಇಲ್ಲ, ಬರೀ ನನ್ನ ಮುಖ ನೋಡ್ತಾರೆ. ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಮೇಲೆ ಕೈ ಎತ್ತಿದೋರಲ್ಲ. ಈಗ ನಾನು ದಿನಾ ಅವರನ್ನ ಅಳಿಸ್ತಾ ಇದೀನಿ."

ಎಲೆಗಳನ್ನು ಕಲೆಸುವ ಸದ್ದು ಕೇಳಿಸಿತು. ನಾನು ಮಿಷನ್ ನಿಲ್ಲಿಸಿದ್ದೆ. ಪರದೆಯ ಸಂದಿಯಿಂದ ಮೇಜೂ ಒಂದೆಲೆಯಕ್ಕನ ಮುಖವೂ ಕಾಣುತ್ತಿದ್ದವು, ಆ ಹೆಂಗಸಿನ ಬೆನ್ನು ಮಾತ್ರ. ಅವಳು ತೆಗೆದ ಎಲೆಯನ್ನು ಒಂದೆಲೆಯಕ್ಕ ಮೇಜಿನ ಮೇಲೆ ಮಲಗಿಸಿ ಇಬ್ಬರ ನಡುವೆ ಸರಿಸಿದಳು. ಆ ಎಲೆ ನನಗೂ ಗೊತ್ತು, ಬಿಡುವಿದ್ದಾಗ ಅವಳು ತೋರಿಸಿದ್ದಳು. ಯೋಧನೊಬ್ಬ ಉದ್ದನೆಯ ಹಳದಿ ಹಾಸಿನ ಮೇಲೆ ಅಂಗಾತ ಮಲಗಿದ್ದಾನೆ. ಎರಡು ಕೈ ಎದೆಯ ಮೇಲೆ ಜೋಡಿಸಿಕೊಂಡಿದ್ದಾನೆ. ಮೇಲೆ ಗೋಡೆಯಲ್ಲಿ ಮೂರು ಕತ್ತಿಗಳು ಅವನ ಕಡೆಗೇ ಮೊನೆ ಮಾಡಿ ತೂಗುತ್ತಿವೆ. ಇನ್ನೊಂದು ಕತ್ತಿ ಅವನ ಕೆಳಗೆ, ಹಾಸಿನ ಬದಿಯಲ್ಲಿ. ಮೂಲೆಯಲ್ಲಿ ಬಣ್ಣದ ಗಾಜಿನ ಕಿಟಕಿ.

"ನೋಡು, ಇದು ನಿದ್ದೆಗೆಟ್ಟವರಿಗೆ ಬರೋ ಎಲೆ," ಎಂದು ಅವಳು ಮೆಲ್ಲಗೆ ಶುರು ಮಾಡಿದಳು. "ಮೇಲೆ ಮೂರು ಕಷ್ಟ ತೂಗ್ತಾ ಇವೆ. ಆದರೆ ಬಿದ್ದಿಲ್ಲ. ಕೆಳಗಿರೋ ಕತ್ತಿಯನ್ನ ಈ ಮನುಷ್ಯ ಕೈಯಿಂದ ಬಿಟ್ಟಿದಾನೆ. ಜಗಳ ಇದೆ, ಮುಗಿದಿಲ್ಲ. ಆದರೂ ಒಂದು ಗಳಿಗೆ ಮಲಗಿದಾನೆ. ಮಲಗದೇ ಹೋದ್ರೆ ಆಮೇಲೆ ಎದ್ದು ನಿಲ್ಲೋಕಾಗಲ್ಲ. ನೀನು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು?"

"ಇದು ನಾನಲ್ಲ. ಅವರು."

"ಎಲೆ ತೆಗೆದದ್ದು ನೀನು ತಂಗಿ."

"ಮೂಗು ನೋಡಿ ಅಕ್ಕಾ. ಅವರದೇ ಮೂಗು. ಮಲಗೋದೂ ಹೀಗೇ ಅಂಗಾತ. ಇದು ಅವರೇ ಅಲ್ವಾ? ಹೇಳಿ."

ಆಗ ಮೇಲೆ ರೈಲು ಬಂತು. ಸರಕಿನ ರೈಲು, ಉದ್ದನೆಯದು. ನನ್ನ ಡಬ್ಬಿಯಲ್ಲಿ ಗುಂಡಿಗಳು ಕುಣಿದವು. ಆ ರೈಲು ದಾಟುವಷ್ಟು ಹೊತ್ತು ಒಂದೆಲೆಯಕ್ಕ ಆ ಹೆಂಗಸಿನ ಮುಖವನ್ನೇ ನೋಡುತ್ತ ಕೂತಿದ್ದಳು. ಸದ್ದು ನಿಂತಮೇಲೆ ಅವಳ ಬಾಯಿಂದ ನಾನು ಅದುವರೆಗೆ ಕೇಳದಿದ್ದ ಮಾತು ಬಂತು.

"ಹೌದು, ಅವನೇ."

"ಏಳ್ತಾರಾ?"

"ಮಲಗಿದೋನು ಏಳಲೇಬೇಕಲ್ಲ. ಇವನು ಸತ್ತಿಲ್ಲ, ದಣಿದಿದಾನೆ. ದಣಿವು ತೀರಿದಮೇಲೆ ತಾನಾಗಿ ಏಳ್ತಾನೆ."

"ಕೈ?"

"ಕೈ ನೋಡು, ಎರಡೂ ಒಟ್ಟಿಗೇ ಇವೆ. ಒಂದು ಹೋಗಿ ಒಂದು ಉಳಿದಿಲ್ಲ."

ಆ ಹೆಂಗಸು ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟದ್ದು ಪರದೆ ಈಚೆಗೂ ಕೇಳಿಸಿತು. ಆಮೇಲೆ ಟೀ ಕುಡಿದಳು. ಬ್ರೆಡ್ಡನ್ನೂ ಅದ್ದಿಕೊಂಡು ತಿಂದಳು. ಹೋಗುವಾಗ, "ಅಕ್ಕಾ, ಈ ಎಲೆ ಕೊಡ್ತೀರಾ? ಮನೇಲಿ ಕಣ್ಣೆದುರು ಇಟ್ಕೊಳ್ತೀನಿ," ಅಂದಳು. ಒಂದೆಲೆಯಕ್ಕ ತನ್ನ ಎಲೆಗಳನ್ನು ಫೋಟೋ ತೆಗೆಯಲೂ ಯಾರಿಗೂ ಬಿಡುತ್ತಿರಲಿಲ್ಲ. ಅವತ್ತು ಕೊಟ್ಟಳು.

ಅವಳು ಹೋದಮೇಲೆ ನಾನು ಪರದೆ ಸರಿಸಿ, "ಯಾಕೆ ಹಾಗೆ ಹೇಳಿದೆ? ಅದು ಅವಳ ಎಲೆ ತಾನೇ?" ಎಂದು ಕೇಳಿದೆ.

"ನೀನು ಆಚೆ ಕೂತಿದ್ದೆ. ಅವಳ ಮುಖ ನೋಡಲಿಲ್ಲ," ಎಂದಳು.

ಆಮೇಲೆ ಮಾಮನ ಹೆಂಡತಿ ಆಗಾಗ ಬಂದು ಹೋಗುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. "ಹೇಗಿದಾನೆ?" ಎಂದರೆ, "ಚೆನ್ನಾಗಿ ಮಲಗ್ತಾರೆ. ಅಳೋದು ನಿಂತಿದೆ," ಎನ್ನುತ್ತಿದ್ದಳು. ಒಂದೆಲೆಯಕ್ಕನಿಗೆ ಅದು ಸಮಾಧಾನ. "ನೋಡಿದ್ಯಾ, ಒಂದು ಮಾತಿನಿಂದ ಒಂದು ಮನೆ ನೆಮ್ಮದಿಯಾಗಿದೆ," ಅಂತ ನನ್ನೆದುರು ಹೆಮ್ಮೆಪಟ್ಟುಕೊಂಡಳು ಕೂಡ. ನಾವು ಹೋಗಿ ನೋಡಬೇಕಿತ್ತು. ಆದರೆ ಅವಳೇ ಬೇಡ ಎನ್ನುತ್ತಿದ್ದಳು. "ಈಗ ಬೇಡ ಅಕ್ಕಾ, ಮಲಗಿರ್ತಾರೆ. ಎದ್ದಮೇಲೆ ನಾನೇ ಕರೀತೀನಿ." ಎದ್ದಮೇಲೆ ಎಂದರೆ ಮಧ್ಯಾಹ್ನದ ನಿದ್ದೆಯಿಂದ ಎದ್ದಮೇಲೆ ಅಂತ ನಾವು ತಿಳಿದಿದ್ದೆವು.

ಚಳಿ ಮುಗಿದು ಬಿಸಿಲು ಬಂದಾಗ ಒಂದು ದಿನ ಮಾಮನ ಅಂಗಿಗಳನ್ನು ನನ್ನ ಹತ್ತಿರ ತಂದಳು. "ತೋಳು ಹಾಕೋಕಾಗ್ತಿಲ್ಲ ಅಕ್ಕಾ. ಬಲಗಡೆ ಕಂಕುಳಿಂದ ಕೆಳಗಿನವರೆಗೆ ಬಿಚ್ಚಿ, ಕಟ್ಟೋ ಹಾಗೆ ಲಾಡಿ ಹಾಕಿಕೊಡಿ," ಎಂದಳು.

ಪರದೆ ಆಚೆಯಿಂದ ಪ್ರಶ್ನೆ ಬಂತು. "ಯಾಕೆ ಹಾಕೋಕಾಗಲ್ಲ? ತೋಳು ಎತ್ತಿದ್ರೆ ಹೋಗುತ್ತಲ್ಲ."

"ಎತ್ತಲ್ಲ ಅಕ್ಕಾ. ಎದೆ ಮೇಲೇ ಇಟ್ಟಿರ್ತೀನಿ."

"ಆಸ್ಪತ್ರೆಯ ಮೇಡಂ ಏನಂತಾರೆ?"

"ಅಲ್ಲಿಗೆ ಹೋಗಿ ತುಂಬ ದಿನ ಆಯ್ತು. ಸುಮ್ಮನೆ ಯಾಕೆ ಎಬ್ಬಿಸೋದು? ತಾನಾಗಿ ಏಳ್ತಾನೆ ಅಂತ ನೀವೇ ಹೇಳಿದ್ರಲ್ಲ."

ಒಂದೆಲೆಯಕ್ಕ ಪರದೆ ಸರಿಸಿ ಈಚೆ ಬಂದಳು. ಎದುರಿಗೆ ಗಿರಾಕಿಯೊಬ್ಬ ಎಲೆ ತೆಗೆಯಲು ಕಾಯುತ್ತ ಕೂತಿದ್ದ. ಅವನನ್ನು ಎಬ್ಬಿಸಿ ಕಳಿಸಿ ಚಪ್ಪಲಿ ಮೆಟ್ಟಿಕೊಂಡಳು. ನಾನೂ ಅಂಗಡಿಗೆ ಬೀಗ ಹಾಕಿ ಹಿಂದೆ ಹೊರಟೆ.

ಅವರದು ಮೂರನೆಯ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ಕನ್ನಡಿಯ ಹಾಗೆ ಚೊಕ್ಕಟವಾಗಿತ್ತು. ಕಿಟಕಿಯ ಗಾಜಿಗೆ ಉಡುಗೊರೆ ಸುತ್ತುವ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ್ದಳು. ಕೆಂಪು, ನೀಲಿ, ಹಳದಿ ಬೆಳಕು ನೆಲದ ಮೇಲೆ ಬಿದ್ದಿತ್ತು. ಮಂಚದ ಹಾಸಿಗೆ ತೆಗೆದು ಗಟ್ಟಿ ಹಲಗೆ ಹಾಕಿ ಮೇಲೆ ಹಳದಿ ಹೊದಿಕೆ ಹಾಸಿದ್ದಳು. ಮಾಮ ಅಂಗಾತ ಮಲಗಿದ್ದ. ಗಡ್ಡ ನೀಟಾಗಿ ಹೆರೆದಿತ್ತು. ಎರಡೂ ಕೈ ಎದೆಯ ಮೇಲೆ ಒಂದರೊಳಗೊಂದು ಸೇರಿಸಿ, ಜಾರದ ಹಾಗೆ ಮೆತ್ತನೆಯ ಸ್ಕಾರ್ಫಿನಿಂದ ಸುತ್ತಿ ಕಟ್ಟಿತ್ತು. ಒಳ್ಳೆಯ ಸ್ಕಾರ್ಫು, ಅವಳ ಹತ್ತಿರ ಇದ್ದ ಒಂದೇ ಒಂದು. ಗೋಡೆಯಲ್ಲಿ, ಅವನ ಕಣ್ಣಿಗೆ ಕಾಣುವ ಹಾಗೆ, ಆ ಎಲೆ.

"ನೋಡಿ ಅಕ್ಕಾ, ಹಾಗೇ ಇದೆ ಅಲ್ವಾ?" ಎಂದಳು. ಮಗು ತಾನು ಬರೆದ ಚಿತ್ರ ತೋರಿಸುವಾಗ ಇರುತ್ತದಲ್ಲ, ಆ ಮುಖ.

ಮಾಮನ ಕಣ್ಣು ತೆರೆದಿತ್ತು. ನಮ್ಮನ್ನು ನೋಡಿದ. ನೀರು ಕಿವಿಯ ಕಡೆಗೆ ಇಳಿಯಿತು.

ಒಂದೆಲೆಯಕ್ಕ ಸ್ಕಾರ್ಫು ಬಿಚ್ಚಿದಳು. ಎಡಗೈ ತಾನಾಗಿ ಕೆಳಗೆ ಜಾರಿತು, ಅದರಲ್ಲಿ ಇನ್ನೂ ಜೀವವಿತ್ತು. ಬಲಗೈ ಜಾಗ ಬಿಡಲಿಲ್ಲ. ಮೊಳಕೈ ಮಡಿಸಿದ ಹಾಗೇ ಮರಗಟ್ಟಿತ್ತು, ಮುಷ್ಟಿ ಬಿಗಿದಿತ್ತು. ಲಾಡ್ಜಿನಲ್ಲಿ ಎಂಥೆಂಥ ಕೊಳೆ ತೆಗೆದವಳು ಅವಳು. ಆ ಮುಷ್ಟಿಯ ಹತ್ತಿರ ಮೂಗು ತಂದಾಗ ಅವಳೂ ಮುಖ ತಿರುಗಿಸಿದಳು. ಉಗುರು ಅಂಗೈಗೆ ಇಳಿದು ಹುಣ್ಣಾಗಿತ್ತು. ಒಂದು ಬೆರಳು ಎತ್ತಲು ನೋಡಿದಳು. ಮಾಮ ಗಂಟಲಿನಿಂದ ಸದ್ದು ಮಾಡಿದ.

"ಎಬ್ಬಿಸಬೇಡಿ," ಎಂದು ಹೆಂಡತಿ ಅವಳ ಕೈ ಹಿಡಿದಳು.

ಮರುದಿನ ಬೀಗದವನನ್ನು ಕರೆದುಕೊಂಡು ಹೋದೆವು. ಮೆಟ್ಟಿಲಲ್ಲಿ ಮಾಮನನ್ನು ಇಳಿಸಲು ಅವನ ಭುಜವೇ ಬೇಕಿತ್ತು. ಅವನು ಗೋಡೆಯ ಎಲೆ ನೋಡಿ, "ಇದ್ಯಾಕೆ ಗೋರಿ ಚಿತ್ರ ಅಂಟಿಸಿದೀರಿ?" ಎಂದ.

"ಗೋರಿಯಲ್ಲ. ಮಲಗಿರೋನು," ಎಂದಳು ಒಂದೆಲೆಯಕ್ಕ.

"ಗೋರೀನೇ ಅಕ್ಕಾ. ಹಳೇ ಕಾಲದ ದೊಡ್ಡ ಮನುಷ್ಯರದ್ದು. ಮೇಲಿರೋದು ಕಲ್ಲಲ್ಲಿ ಕಡೆದ ಬೊಂಬೆ. ಅಂಥದೊಂದು ಕಟ್ಟಡದ ಬೀಗ ತೆಗೆಯೋಕೆ ಹೋಗಿದ್ದಾಗ ನೋಡಿದೀನಿ. ಆ ಕಲ್ಲಿನ ಕೈ ಪಕ್ಕ ಕೂತು ಬುತ್ತಿ ತಿಂದಿದೀನಿ ನಾನು."

ಒಂದೆಲೆಯಕ್ಕ ಎಲೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಇಷ್ಟು ವರ್ಷ ನೋಡಿದ ಚಿತ್ರ. ಹಾಸಿನ ಬದಿಯ ಅಂಚು, ಆ ಮನುಷ್ಯನ ಮೈಗೂ ಹಾಸಿಗೂ ಇದ್ದ ಒಂದೇ ಬಣ್ಣ. ಆಮೇಲೆ ಮಾಮನ ಕಾಲಿನ ಕಡೆ ಹೋಗಿ ಹಿಡಿದುಕೊಂಡಳು.

ಆಸ್ಪತ್ರೆಯ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಳಕೈ, ಮಣಿಕಟ್ಟು, ಬೆರಳು ಎಲ್ಲ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಕೂತರು. "ಈ ಕೈ ಇನ್ನು ಬಿಚ್ಚಿಕೊಳ್ಳಲ್ಲ ಅಮ್ಮಾ. ಹುಣ್ಣಾಗದ ಹಾಗೆ ದಿನಾ ತೊಳೆದು ಒಣಗಿಸಿ, ಅಷ್ಟೇ ಮಾಡೋಕಾಗೋದು," ಎಂದರು. ಬೀಗದವನು, "ಆಪರೇಷನ್ ಮಾಡಿದ್ರೆ?" ಎಂದ. "ತೊಳೆಯೋಕೆ ಸುಲಭ ಆಗೋಷ್ಟು ಬಿಡಿಸಬಹುದು. ಕೆಲಸಕ್ಕೆ ಬರೋ ಕೈ ಆಗಲ್ಲ." ಆಮೇಲೆ, "ಆವಾಗ ಹೆಬ್ಬೆರಳು ಅಲ್ಲಾಡ್ತಿತ್ತು," ಎಂದರು. ಅದನ್ನು ಅವರು ಯಾರಿಗೂ ಹೇಳಿದ್ದಲ್ಲ. ತಮಗೇ ಹೇಳಿಕೊಂಡದ್ದು.

ವಾಪಸು ಬಂದಮೇಲೆ ಒಂದೆಲೆಯಕ್ಕ ಆ ಹೆಂಗಸನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು.

"ಆವತ್ತು ನಾನು ತಪ್ಪು ಹೇಳಿದೆ ತಂಗಿ. ಅದು ನಿನ್ನ ಎಲೆ. ಮಲಗಬೇಕಾಗಿದ್ದೋಳು ನೀನು. ಅವನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ."

"ಆವತ್ತು ಹಾಗೆ ಹೇಳಲಿಲ್ಲ ನೀವು."

"ಹೇಳಲಿಲ್ಲ."

"ಅವನೇ ಅಂದ್ರಿ. ನಾನು ಕೇಳಿ ಕೇಳಿ ಗಟ್ಟಿ ಮಾಡ್ಕೊಂಡೆ."

"ಅಂದೆ. ನೀನು ಒಂದು ತುತ್ತು ತಿನ್ನಲಿ ಅಂತ ಅಂದೆ."

"ಹಾಗಾದ್ರೆ ಈಗ ತಪ್ಪು ಹೇಳ್ತಿದೀರೋ ಏನೋ ಯಾರಿಗೆ ಗೊತ್ತು," ಎಂದಳು ಅವಳು. ಸಿಟ್ಟಿರಲಿಲ್ಲ. ಲೋಟಗಳನ್ನು ತೊಳೆದು ಬೋರಲು ಹಾಕಿದಳು. "ಮೇಡಂಗೆ ಏನು ಗೊತ್ತು? ಎದ್ದಮೇಲೆ ಎಲ್ಲಾ ತಾನಾಗಿ ಬಿಚ್ಚಿಕೊಳ್ಳುತ್ತೆ." ಕೋಣೆಗೆ ಬಂದು ಗೋಡೆಯ ಎಲೆ ತೆಗೆಯಲು ಒಂದೆಲೆಯಕ್ಕ ಕೈ ಚಾಚಿದಾಗ ಅವಳು ನಡುವೆ ಬಂದು ನಿಂತಳು. ಅಷ್ಟು ಮೆತ್ತನೆಯ ಹೆಂಗಸು, ಬಂಡೆಯ ಹಾಗೆ ನಿಂತಳು.

ಕೆಲವು ದಿನ ಒಂದೆಲೆಯಕ್ಕ ಅಂಗಡಿಯಲ್ಲಿ ಎಲೆ ಮುಟ್ಟದೆ ಕೂತಿದ್ದಳು. ಕಾಲೇಜು ಓದುವ ಹುಡುಗಿಯೊಬ್ಬಳು ಎಲೆ ತೆಗೆಯಲು ಬಂದಾಗ, ಇವಳು ಆ ಚಿತ್ರದ ಗುರುತು ಹೇಳಿ ಅರ್ಥ ನೋಡಲು ಹೇಳಿದಳು. ಹುಡುಗಿ ಫೋನಿನಲ್ಲಿ ಹುಡುಕಿ, "ನಾಲ್ಕು ಕತ್ತಿಗಳ ಕಾರ್ಡು. ವಿಶ್ರಾಂತಿ, ಚೇತರಿಕೆ, ಸಾವಲ್ಲ ಅಂತ ಇದೆ. ನೀವು ಏನು ಹೇಳಿದ್ರಿ?" ಎಂದಳು.

"ಅದನ್ನೇ."

"ಹಾಗಾದ್ರೆ ಸರಿಯಾಗೇ ಹೇಳಿದೀರ ಆಂಟಿ."

"ಹೂಂ," ಎಂದಳು ಇವಳು. ಆ ಹುಡುಗಿಗೆ ಎಲೆ ಕೊಡಲಿಲ್ಲ. ಇವತ್ತು ಆಗಲ್ಲ ಮಗಳೇ ಅಂತ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಗೋರಿ ಅಂತ ಮೊದಲೇ ಗೊತ್ತಿದ್ದಿದ್ರೂ ನಾನು ಹಾಗೇ ಹೇಳ್ತಿದ್ದೆ ಅನ್ಸುತ್ತೆ. ಆ ಮುಖಕ್ಕೆ ಬೇರೆ ಏನು ಹೇಳೋದು?" ಎಂದಳು.

ಮಾಮನ ಅಂಗಡಿಯನ್ನು ಮೊಬೈಲ್ ರಿಪೇರಿಯವನು ಹಿಡಿದ. ಕುರ್ಚಿ ಎರಡು ದಿನ ಹೊರಗೆ ಬಿದ್ದಿತ್ತು, ಮೂರನೆಯ ದಿನ ಗುಜರಿಯವನು ಹೊತ್ತುಕೊಂಡು ಹೋದ. ಒಂದೆಲೆಯಕ್ಕ ಎಲೆ ತೆಗೆಸುವುದನ್ನು ಬೆಳಗಿಗೆ ಮಾತ್ರ ಇಟ್ಟುಕೊಂಡಳು. ಹೊಟ್ಟೆಪಾಡು ಬಿಡಲಾಗದು. ಮಧ್ಯಾಹ್ನವಾದರೆ ಮೂರು ಮಹಡಿ ಹತ್ತುತ್ತಿದ್ದಳು. ಸೊಂಟ ಹಿಡಿದ ಹೆಂಗಸು, ಮಹಡಿಗೊಮ್ಮೆ ನಿಂತು ಹತ್ತಬೇಕು. ಹೆಂಡತಿ ಬಾಗಿಲು ತೆರೆಯುತ್ತಿದ್ದಳು, ಬೇಡ ಎನ್ನುತ್ತಿರಲಿಲ್ಲ. ಅಕ್ಕ ಎಂದೇ ಕರೆಯುತ್ತಿದ್ದಳು. ಕೈ ತೊಳೆಯಲು ಬಿಡುತ್ತಿದ್ದಳು. ತೊಳೆದಾದಮೇಲೆ ಮತ್ತೆ ಎರಡೂ ಕೈ ಜೋಡಿಸಿ ಇಡುತ್ತಿದ್ದಳು.

ಲಾಡಿ ಹಾಕಿದ ಅಂಗಿಗಳನ್ನು ಕೊಡಲು ನಾನೂ ಒಂದು ದಿನ ಜೊತೆಗೆ ಹೋದೆ. ಒಂದೆಲೆಯಕ್ಕ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಬೋಗುಣಿಯಲ್ಲಿ ಬಿಸಿನೀರು ಇಟ್ಟುಕೊಂಡಳು. ಮುಷ್ಟಿಯ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾದಳು. ಆಮೇಲೆ ಮಣಿಕಟ್ಟನ್ನು ಒಳಗಡೆಗೆ ಇನ್ನೂ ಬಗ್ಗಿಸಿದಳು. ಹಾಗೆ ಬಗ್ಗಿಸಿದರೆ ಬೆರಳು ಎಳೆಯಷ್ಟು ಸಡಿಲವಾಗುತ್ತದೆ, ಮೇಡಂ ಕಲಿಸಿಕೊಟ್ಟದ್ದು. ಆ ಸಂದಿಯಲ್ಲಿ ಬತ್ತಿಯ ಹಾಗೆ ಹೊಸೆದ ಬಟ್ಟೆ ತೂರಿಸಿ ಮೆಲ್ಲಗೆ ಎಳೆದಳು. ಉಗುರು ಕತ್ತರಿಸಲು ಒಂದೊಂದು ಬೆರಳಿಗೂ ಬಹಳ ಹೊತ್ತು ಹಿಡಿಯಿತು. ಮಾಮ ಅವಳ ಕೈಯನ್ನೇ ನೋಡುತ್ತಿದ್ದ. ಕತ್ತರಿ ಹಿಡಿದ ರೀತಿ ಅವನಿಗೆ ಸರಿ ಕಾಣಲಿಲ್ಲವೋ ಏನೋ, ಎಡಗೈಯಿಂದ ಅವಳ ಬೆರಳನ್ನು ಒಮ್ಮೆ ಸರಿಸಿದ.

ಹೆಂಡತಿ ಅದನ್ನು ನೋಡಿದಳು.

"ನೋಡಿದ್ರಾ ಅಕ್ಕಾ? ಏಳೋ ಹೊತ್ತು ಹತ್ತಿರ ಬಂತು ಅಲ್ವಾ?"

ಒಂದೆಲೆಯಕ್ಕ ನನ್ನ ಮುಖ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಒಣ ಬಟ್ಟೆ ತೆಗೆದುಕೊಂಡು ಬೆರಳುಗಳ ಸಂದಿಯಲ್ಲಿ ತೇವ ಉಳಿಯದ ಹಾಗೆ ಒರೆಸತೊಡಗಿದಳು. ಹೆಂಡತಿ ಮತ್ತೊಮ್ಮೆ ಕೇಳಿದಳು. ಇವಳು ಒರೆಸುತ್ತಲೇ ಇದ್ದಳು.